ನಮ್ಮ ಮನೆಯ ಗಂಡಸರು ಐವತ್ತು ದಾಟುವುದಿಲ್ಲ ಅನ್ನುತ್ತಿದ್ದರು. ಈಗ ನೋಡಿದರೆ ಕಥೆ ಬೇರೆ

ಕಿಂಗ್ಸ್ ಸರ್ಕಲ್ ಕಾಫಿ

ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇವತ್ತೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ಮೂಲ ಕುಂದಾಪುರದ ಕಡೆ. ಅಜ್ಜ ಹುಡುಗನಾಗಿದ್ದಾಗ ಮುಂಬೈಗೆ ಬಂದವರು. ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಮಾಟುಂಗದಲ್ಲಿ ಸ್ವಂತ ಗಲ್ಲೆಯ ಮೇಲೆ ಕೂತರು. 47ನೇ ವಯಸ್ಸಿಗೆ ಅದೇ ಗಲ್ಲೆಯ ಮೇಲೆ ಕುಸಿದರು. ದೊಡ್ಡಪ್ಪ ಹೋದಾಗ ಅವರಿಗೆ 44. ಅಪ್ಪನಿಗೆ 49ಕ್ಕೆ ಬೈಪಾಸ್ ಆಯಿತು, ಈಗ ಆರಾಮ ಇದ್ದಾರೆ. ಮನೆಯಲ್ಲಿ ಇದಕ್ಕೆಲ್ಲ ಒಂದೇ ಕಾರಣ, ನಾಗದೋಷ. ಊರಿನ ನಾಗಬನ ಯಾರೋ ಕಡಿಸಿದ್ದರಂತೆ. ಎರಡು ಸಲ ಆಶ್ಲೇಷಾ ಬಲಿ ಮಾಡಿಸಿದ್ದೇವೆ.

ನನಗೀಗ 36. ಸಪೂರ ಮನುಷ್ಯ. ಮೀನು, ಮಾಂಸ ಇಲ್ಲ, ಸಿಗರೇಟ್ ಇಲ್ಲ. ದಿನಾ ಬೆಳಿಗ್ಗೆ ಫೈವ್ ಗಾರ್ಡನ್‌ನಲ್ಲಿ ಐದು ಸುತ್ತು. ಆದರೂ 24ನೇ ವಯಸ್ಸಿನಿಂದ ಆಫೀಸಿನ ಪ್ರತಿ ಹೆಲ್ತ್ ಕ್ಯಾಂಪಿನಲ್ಲೂ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ ಅದು, 240ರ ಮೇಲೆ. ರಿಪೋರ್ಟಿನ ಕೆಳಗೆ ಯಾರೋ ಒಬ್ಬರು ‘ಎಣ್ಣೆ, ತುಪ್ಪ ಕಡಿಮೆ ಮಾಡಿ’ ಎಂದು ಬರೆದು ಸಹಿ ಹಾಕುತ್ತಿದ್ದರು. ಹನ್ನೆರಡು ವರ್ಷ ತುಪ್ಪವಿಲ್ಲದ ದೋಸೆ ತಿಂದಿದ್ದೇನೆ ಸ್ವಾಮಿ! ಈ ಸಲದ ರಿಪೋರ್ಟ್: ಒಟ್ಟು ಕೊಲೆಸ್ಟ್ರಾಲ್ 338, ಅದರಲ್ಲಿ ಎಲ್‌ಡಿಎಲ್ 262.

ಹೊಸ ಡಾಕ್ಟರ್ ಒಬ್ಬರ ಹತ್ತಿರ ಹೋದೆ. ಅವರು ರಿಪೋರ್ಟ್ ಪಕ್ಕಕ್ಕಿಟ್ಟು ‘ಶೂ ಬಿಚ್ಚಿ’ ಎಂದರು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು, ನಾವು ನರ ಅನ್ನುತ್ತೇವಲ್ಲ ಅದನ್ನು, ಎರಡು ಬೆರಳಲ್ಲಿ ಹಿಂಡಿ ನೋಡಿದರು. ದಪ್ಪಗಿತ್ತು, ಗಂಟು ಗಂಟಾಗಿ. ನಾನು ಅದನ್ನು ನಡೆದು ನಡೆದು ಆಗಿದ್ದು ಅಂದುಕೊಂಡಿದ್ದೆ. ‘ಇದು ನಿಮ್ಮ ನಾಲಿಗೆಯ ತಪ್ಪಲ್ಲ, ನಿಮ್ಮ ಲಿವರಿನಲ್ಲಿ ರಿಸೆಪ್ಟರ್ ಕಡಿಮೆ. ಹುಟ್ಟಿನಿಂದ’ ಎಂದರು. ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟೆರೊಲೀಮಿಯಾ, ಅಂದರೆ ಮನೆತನದಲ್ಲಿ ಹರಿದು ಬರುವ ಅತಿ ಕೊಲೆಸ್ಟ್ರಾಲ್, ಚಿಕ್ಕದಾಗಿ ಎಫ್‌ಎಚ್. ಯಾರಾದರೂ ಕೇಳಿದ್ದೀರಾ? ಮಗಳಿಗೆ 7 ವರ್ಷ, ಅವಳಿಗೂ ರಕ್ತ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಅಮ್ಮ ಮಾತ್ರ ‘ಮಗುವಿಗೆ ಸೂಜಿ ಚುಚ್ಚಿಸಿದರೆ ನೋಡು’ ಎಂದು ಕೂತಿದ್ದಾರೆ.

ಡೊಂಬಿವಲಿ ಫಾಸ್ಟ್

ಕೊಲೆಸ್ಟ್ರಾಲ್ ಅನ್ನುವುದೇ ಮಾತ್ರೆ ಕಂಪನಿಯವರು ಕಟ್ಟಿದ ಕಥೆ ಅಣ್ಣ. ನನ್ನಜ್ಜಿ ಕೊನೆಯವರೆಗೂ ತೆಂಗಿನೆಣ್ಣೆ, ಗಟ್ಟಿ ಮೊಸರು. 91ಕ್ಕೆ ಹೋದರು, ಅದೂ ಬಚ್ಚಲಲ್ಲಿ ಜಾರಿ ಬಿದ್ದು. ನಿಮ್ಮ ಅಜ್ಜನಿಗೆ ಆಗಿದ್ದು ಹೋಟೆಲ್ ಟೆನ್ಶನ್. ಬೆಳಿಗ್ಗೆ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೆರಡರವರೆಗೆ ನಿಂತರೆ ಯಾರಿಗಾದರೂ ಹಾರ್ಟ್ ಹೋಗುತ್ತದೆ.

ಲ್ಯಾಬ್ ಕೋಟು

ಟೆನ್ಶನ್ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಹಿಮ್ಮಡಿಯ ನರದಲ್ಲಿ ಗಂಟು ಟೆನ್ಶನ್‌ನಿಂದ ಬರುವುದಿಲ್ಲ. ನಾನು ಪರೇಲ್ ಕಡೆ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿದ್ದೇನೆ, ದಿನಾ ಇದೇ ಕೆಲಸ. ಕಾಫಿಯವರೇ, ನಿಮ್ಮದು ಹೋಟೆಲ್ ಮನೆತನ. ಹೋಟೆಲಿನ ಲೆಕ್ಕದಲ್ಲೇ ಹೇಳುತ್ತೇನೆ.

ನಿಮ್ಮ ರಕ್ತ ಅಂದರೆ ಗಿರಾಕಿ ಕೂರುವ ಹಾಲ್ ಅಂದುಕೊಳ್ಳಿ. ಲಿವರ್ ಅಡುಗೆಮನೆ. ಹಾಲ್ ತುಂಬ ತಟ್ಟೆಗಳು ಓಡಾಡುತ್ತವೆ, ಅವೇ ಎಲ್‌ಡಿಎಲ್. ಅದು ಬರೀ ಕೊಬ್ಬಲ್ಲ, ಕೊಬ್ಬು ತುಂಬಿದ ಸಣ್ಣ ಉಂಡೆ. ಒಂದೊಂದು ಉಂಡೆಯ ಒಳಗೆ ಸುಮಾರು 1500 ಕೊಲೆಸ್ಟ್ರಾಲ್ ಎಸ್ಟರ್ ಅಣುಗಳು. ಮೇಲೆ ಅಪೋಬಿ ಎನ್ನುವ ಒಂದು ಉದ್ದ ಪ್ರೊಟೀನ್ ಸುತ್ತಿಕೊಂಡಿದೆ. ಅದು ತಟ್ಟೆಯ ಹಿಡಿ ಇದ್ದ ಹಾಗೆ.

ಈ ತಟ್ಟೆ ಎತ್ತಲು ಕ್ಲೀನರ್ ಹುಡುಗರು ಬೇಕಲ್ವಾ? ಅವರೇ ಎಲ್‌ಡಿಎಲ್ ರಿಸೆಪ್ಟರ್. ಲಿವರ್ ಕೋಶದ ಮೈಮೇಲೆ ನಿಂತಿರುತ್ತಾರೆ. ಅಪೋಬಿ ಕಂಡರೆ ಹಿಡಿಯುತ್ತಾರೆ, ತಟ್ಟೆ ಸಮೇತ ಒಳಗೆ ಹೋಗುತ್ತಾರೆ, ಅಲ್ಲಿ ಇಳಿಸಿ ಖಾಲಿ ಕೈಯಲ್ಲಿ ಹೊರಗೆ ಬರುತ್ತಾರೆ. ಒಂದು ಸುತ್ತಿಗೆ ಸುಮಾರು 10 ನಿಮಿಷ. ಒಬ್ಬ ಹುಡುಗನ ಆಯಸ್ಸು ಸುಮಾರು 20 ಗಂಟೆ ಅಷ್ಟೇ, ಅಷ್ಟರಲ್ಲಿ ನೂರಕ್ಕೂ ಹೆಚ್ಚು ಸುತ್ತು ಹೊಡೆದಿರುತ್ತಾನೆ. ನಿಮ್ಮ ಹೋಟೆಲಿನಲ್ಲಿ ಇಷ್ಟು ನಿಯತ್ತಿನ ಹುಡುಗರು ಸಿಕ್ಕಿದ್ದರೆ ಅಜ್ಜ ಇನ್ನೆರಡು ಬ್ರಾಂಚ್ ಮಾಡುತ್ತಿದ್ದರು.

ಈ ಹುಡುಗರನ್ನು ತಯಾರಿಸುವ ಜೀನ್ 19ನೇ ಕ್ರೋಮೋಸೋಮಿನಲ್ಲಿದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ಒಂದು ಕೆಟ್ಟಿದ್ದರೆ ಅರ್ಧ ಹುಡುಗರು ಡ್ಯೂಟಿಗೇ ಬರುವುದಿಲ್ಲ. ಗಿರಾಕಿ ಅಷ್ಟೇ, ತಿಂಡಿ ಅಷ್ಟೇ, ಆದರೆ ಟೇಬಲ್ ಮೇಲೆ ತಟ್ಟೆ ರಾಶಿ. ಸಾಮಾನ್ಯರಲ್ಲಿ ಒಂದು ಎಲ್‌ಡಿಎಲ್ ಉಂಡೆ ರಕ್ತದಲ್ಲಿ ಎರಡೂವರೆ ದಿನದಷ್ಟು ಸುತ್ತಿ ಹೋಗುತ್ತದೆ. ನಿಮ್ಮಂಥವರಲ್ಲಿ ನಾಲ್ಕೂವರೆ ದಿನ. ಅಷ್ಟು ಹೊತ್ತು ಉಳಿದ ತಟ್ಟೆ ಎಲ್ಲಿ ಹೋಗುತ್ತದೆ? ರಕ್ತನಾಳದ ಗೋಡೆಗೆ ಸೇರುತ್ತದೆ. ಹಿಮ್ಮಡಿಯ ನರಕ್ಕೆ, ಕೆಲವರಿಗೆ ಕಣ್ಣಿನ ಕಪ್ಪು ಗುಡ್ಡೆಯ ಸುತ್ತ ಬಿಳಿ ಬಳೆಯಾಗಿ. ನೀವು ತುಪ್ಪ ಬಿಟ್ಟರೆ ಹೊಸ ತಟ್ಟೆ ಸ್ವಲ್ಪ ಕಡಿಮೆಯಾಗಬಹುದು. ಹುಡುಗರು ಹೆಚ್ಚಾಗುವುದಿಲ್ಲ.

ಡೊಂಬಿವಲಿ ಫಾಸ್ಟ್

ಚೆನ್ನಾಗಿ ಹೇಳಿದಿರಿ ಮೇಡಂ. ಆದರೆ ಇದು ಯಾರೋ ಕೂತು ಕಲ್ಪಿಸಿದ್ದೋ, ಕಂಡಿದ್ದೋ? ಮತ್ತೆ ನನ್ನಜ್ಜಿಯ ಲೆಕ್ಕ ಏನು?

ಲ್ಯಾಬ್ ಕೋಟು

ಕಂಡಿದ್ದು. ಜೋಸೆಫ್ ಗೋಲ್ಡ್‌ಸ್ಟೈನ್, ಮೈಕಲ್ ಬ್ರೌನ್ ಎನ್ನುವ ಇಬ್ಬರು. ಬೋಸ್ಟನ್ನಿನ ಆಸ್ಪತ್ರೆಯಲ್ಲಿ ಜೊತೆಗೆ ಇಂಟರ್ನ್ ಆಗಿದ್ದವರು, ಆಮೇಲೆ ಅಮೆರಿಕದ ಡಲ್ಲಾಸ್‌ನಲ್ಲಿ ಜೊತೆಗೇ ಲ್ಯಾಬ್ ಹಾಕಿದರು. ಮೊದಲು ಅವರನ್ನು ಕಾಡಿದ್ದು ಹಾರ್ಟ್ ಅಟ್ಯಾಕ್ ಆಗುತ್ತಿದ್ದ ಸಣ್ಣ ಮಕ್ಕಳು. ಮಕ್ಕಳು! ಎಲ್ಲಿಂದ ಬಂತು ಟೆನ್ಶನ್? ಅವರ ಚರ್ಮದ ಚೂರಿನಿಂದ ಕೋಶ ಬೆಳೆಸಿ ನೋಡಿದರೆ ಎಲ್‌ಡಿಎಲ್ ಆ ಕೋಶಗಳಿಗೆ ಅಂಟುತ್ತಲೇ ಇರಲಿಲ್ಲ. ಆರೋಗ್ಯವಂತರ ಕೋಶಕ್ಕೆ ಅಂಟುತ್ತಿತ್ತು. ಹಿಡಿಯುವ ಕೈಯೇ ಇಲ್ಲ ಎಂದು ಗೊತ್ತಾಗಿದ್ದು ಹಾಗೆ, 1970ರ ದಶಕದ ನಡುವಿನಲ್ಲಿ.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಜೆ.ಡಿ. ಎಂಬ ಹೆಸರಿನ ಮೊದಲಕ್ಷರಗಳಿಂದ ಮಾತ್ರ ಗೊತ್ತಿರುವ ಒಬ್ಬ ಹುಡುಗನ ಕೇಸ್. ಅವನ ಕೋಶಗಳಲ್ಲಿ ರಿಸೆಪ್ಟರ್ ಇತ್ತು. ಎಲ್‌ಡಿಎಲ್ ಹಿಡಿಯುತ್ತಲೂ ಇತ್ತು. ಆದರೆ ಒಳಗೆ ಹೋಗುತ್ತಿರಲಿಲ್ಲ. ಕೈಯಲ್ಲಿ ತಟ್ಟೆ ಹಿಡಿದು ಹಾಲಿನಲ್ಲೇ ನಿಂತ ಕ್ಲೀನರ್! ರಿಸೆಪ್ಟರುಗಳು ಒಳಗೆ ಹೋಗಲು ಕೋಶದ ಮೈಮೇಲೆ ಸಣ್ಣ ಗುಳಿಗಳಲ್ಲಿ ಒಟ್ಟಾಗಬೇಕು. ಇವನ ರಿಸೆಪ್ಟರಿನ ಬಾಲದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿದ್ದರಿಂದ ಗುಳಿ ಸೇರುತ್ತಿರಲಿಲ್ಲ. ಕೋಶ ಹೊರಗಿನ ವಸ್ತುವನ್ನು ಹೇಗೆ ನುಂಗುತ್ತದೆ ಎನ್ನುವ ದೊಡ್ಡ ಪಾಠ ಈ ಒಂದು ಕೆಟ್ಟ ಜೀನಿನಿಂದ ಸಿಕ್ಕಿತು. ಇಬ್ಬರಿಗೂ 1985ರಲ್ಲಿ ನೊಬೆಲ್ ಬಂತು.

ನಿಮ್ಮಜ್ಜಿಗೆ ಬರೋಣ. ಅವರ ರಿಪೋರ್ಟ್ ನಾನು ನೋಡಿಲ್ಲ, ಆದರೆ ಉಲ್ಟಾ ಕೇಸುಗಳೂ ಇವೆ. ಪಿಸಿಎಸ್‌ಕೆ9 ಎನ್ನುವ ಇನ್ನೊಂದು ಪ್ರೊಟೀನ್ ಇದೆ. ಅದು ಕಟ್ಟುನಿಟ್ಟಿನ ಸೂಪರ್‌ವೈಸರ್. ರಿಸೆಪ್ಟರಿಗೆ ಅಂಟಿಕೊಂಡು ಅದರ ಜೊತೆ ಒಳಗೆ ಹೋಗುತ್ತದೆ, ವಾಪಸ್ ಹೊರಗೆ ಬರಲು ಬಿಡುವುದಿಲ್ಲ, ಅಲ್ಲೇ ಮುಗಿಸಿಬಿಡುತ್ತದೆ. ಈ ಸೂಪರ್‌ವೈಸರ್ ಅತಿ ಚುರುಕಾದರೂ ಎಫ್‌ಎಚ್ ಬರುತ್ತದೆ, ಅದು ಗೊತ್ತಾಗಿದ್ದು 2003ರಲ್ಲಿ. ಹುಟ್ಟಿನಿಂದ ಇವನು ಸೋಮಾರಿಯಾದರೆ? ಹುಡುಗರು ಜಾಸ್ತಿ, ಹಾಲ್ ಫಳಫಳ. ಹೆಲೆನ್ ಹಾಬ್ಸ್, ಜೊನಾಥನ್ ಕೋಹೆನ್ ಅವರ ತಂಡ 2006ರಲ್ಲಿ ಇಂಥವರ ಲೆಕ್ಕ ಕೊಟ್ಟಿತು. ಅಮೆರಿಕದ ಕಪ್ಪು ಜನರಲ್ಲಿ ಈ ಜೀನ್ ಕೆಟ್ಟಿದ್ದವರ ಎಲ್‌ಡಿಎಲ್ ಶೇ 28ರಷ್ಟು ಕಡಿಮೆ, ಹೃದಯದ ಕಾಯಿಲೆ ಶೇ 88ರಷ್ಟು ಕಡಿಮೆ. ಅಂಥ ಅಜ್ಜಿಗೆ ಗಟ್ಟಿ ಮೊಸರು ಏನು ಮಾಡೀತು? ಆದರೆ ಅಜ್ಜಿಯ ಊಟ ಕಾಫಿಯವರ ಮನೆಗೆ ಔಷಧ ಆಗುವುದಿಲ್ಲ.

ಡೊಂಬಿವಲಿ ಫಾಸ್ಟ್

ಸರಿ, ಒಂದು ಮಾರ್ಕು ನಿಮಗೆ. ಲೋಕಲ್ ಬಂತು, ಆಮೇಲೆ ಬರುತ್ತೇನೆ.

ಕುಂದಾ ಪ್ರೇಮಿ, ಪುಣೆ

ನಾನು ಬೆಳಗಾವಿಯವಳು, ಈಗ ಹಡಪಸರದಲ್ಲಿ ಇದ್ದೇನೆ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನನ್ನ ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದು. ನಮ್ಮ ಕಡೆ ಹೊಸದೇನಲ್ಲ. ಹೊಲ ಮನೆಯಲ್ಲೇ ಉಳಿಯಲಿ ಎಂದು ಕೊಟ್ಟರು. ಹೊಲದ ಜೊತೆ ಇನ್ನೊಂದೂ ಉಳಿಯಿತು. ಅವರ ಮಗನಿಗೆ ನಾಲ್ಕನೇ ವಯಸ್ಸಿಗೆ ಮೊಣಕೈ, ಮೊಣಕಾಲು, ಬೆರಳ ಸಂದಿಯಲ್ಲಿ ಹಳದಿ ಗುಳ್ಳೆಗಳು ಎದ್ದವು. ಚರ್ಮದ ಡಾಕ್ಟರ್ ಸುಟ್ಟು ತೆಗೆದರು, ಮತ್ತೆ ಬಂದವು. ಮತ್ತೆ ತೆಗೆದರು. ರಕ್ತದ ಕೊಲೆಸ್ಟ್ರಾಲ್ ನೋಡೋಣ ಎಂದು ಒಬ್ಬರಿಗೂ ಅನಿಸಲಿಲ್ಲ. ಎಂಟನೇ ವಯಸ್ಸಿಗೆ ಆಟ ಆಡುವಾಗ ಎದೆ ಹಿಡಿದುಕೊಂಡು ಕೂತ. ಆವಾಗ ನೋಡಿದರೆ ಎಲ್‌ಡಿಎಲ್ 590.

ಅಜ್ಜಿಗೆ ಇದ್ದದ್ದು ಮಾವನಿಗೂ ಬಂದಿದೆ, ನಮ್ಮ ಅಮ್ಮನಿಗೂ ಬಂದಿದೆ, ಅಮ್ಮನಿಂದ ಅಕ್ಕನಿಗೆ. ಅಕ್ಕ ಮಾವ ಇಬ್ಬರಿಂದಲೂ ಮಗುವಿಗೆ. ಎರಡೂ ಪ್ರತಿ ಕೆಟ್ಟಿವೆ. ಲ್ಯಾಬ್ ಕೋಟು ಅವರ ಲೆಕ್ಕದಲ್ಲಿ ಹೇಳಬೇಕೆಂದರೆ ಹಾಲಿನಲ್ಲಿ ಹುಡುಗರೇ ಇಲ್ಲ. ಹಾಗಾಗಿ ಮಾತ್ರೆಗಳು ಅಷ್ಟಾಗಿ ನಾಟುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ರಕ್ತವನ್ನು ಹೊರಗೆ ತೆಗೆದು ಎಲ್‌ಡಿಎಲ್ ಸೋಸಿ ವಾಪಸ್ ಬಿಡುವ ಚಿಕಿತ್ಸೆ ಇದೆ, ಡಯಾಲಿಸಿಸ್ ತರಹ. ಅದಕ್ಕೆ ಓಡಾಡುತ್ತಿದ್ದಾರೆ.

ಅಕ್ಕನಿಗೆ ಯಾರೂ ಬಯ್ಯಲಿಲ್ಲ. ಅವಳೇ ಬೈದುಕೊಳ್ಳುತ್ತಾಳೆ.

ಲ್ಯಾಬ್ ಕೋಟು

ಓದಿ ಸುಮ್ಮನೆ ಕೂತೆ. ಅಕ್ಕನಿಗೆ ಹೇಳಿ, ಇದರಲ್ಲಿ ಅವರ ತಪ್ಪು ಒಂದು ಎಳ್ಳಷ್ಟೂ ಇಲ್ಲ. ಇಬ್ಬರಿಗೂ ಒಂದೊಂದು ಕೆಟ್ಟ ಪ್ರತಿ ಇದ್ದಾಗ ಎರಡೂ ಒಂದೇ ಮಗುವಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪ್ರತಿ ಬಸುರಿಗೂ ಅದೇ ನಾಲ್ಕರಲ್ಲಿ ಒಂದು. ಇನ್ನೊಂದು ಮಗು ಇದ್ದರೆ ದಯವಿಟ್ಟು ಅದನ್ನೂ ಪರೀಕ್ಷಿಸಿ.

1984ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸ್ಟಾರ್ಮಿ ಜೋನ್ಸ್ ಎಂಬ ಆರು ವರ್ಷದ ಹುಡುಗಿಗೆ ಇದೇ ಕಾರಣಕ್ಕೆ ಹೃದಯ, ಲಿವರ್ ಎರಡನ್ನೂ ಒಟ್ಟಿಗೆ ಬದಲಾಯಿಸಿದರು. ಲಿವರ್ ಏಕೆ? ರಿಸೆಪ್ಟರ್ ಅಲ್ಲಿರುವುದರಿಂದ. ಹೊಸ ಲಿವರ್ ಬಂದ ಮೇಲೆ ಅವಳ ಕೊಲೆಸ್ಟ್ರಾಲ್ ದಡದಡ ಇಳಿಯಿತು. ಈಗ ರಿಸೆಪ್ಟರನ್ನೇ ನಂಬದೆ ಬೇರೆ ದಾರಿಯಲ್ಲಿ ಎಲ್‌ಡಿಎಲ್ ಇಳಿಸುವ ಔಷಧಗಳೂ ಬಂದಿವೆ. ಎವಿನಾಕುಮಾಬ್ ಎನ್ನುವುದಕ್ಕೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಬೆಲೆ ಮಾತ್ರ ಕೇಳಬೇಡಿ. ಆದರೆ ನಿಮ್ಮ ಡಾಕ್ಟರ ಹತ್ತಿರ ಹೆಸರು ಎತ್ತಿ ಕೇಳುವುದರಲ್ಲಿ ತಪ್ಪಿಲ್ಲ.

ವಾಸ್ಕೋ ಮಾವ

ನಾನು ಗೋವಾದಲ್ಲಿ ಮೂವತ್ತು ವರ್ಷದಿಂದ ಇದ್ದೇನೆ, ಬಂದರಿನ ಕೆಲಸ. ವಯಸ್ಸು 58. ನನಗೂ ಎಲ್‌ಡಿಎಲ್ 230 ಇದೆ. ಡಾಕ್ಟರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಟ್ಟರು. ಒಂದು ತಿಂಗಳು ತಿಂದೆ, ಕಾಲು ನೋವು ಶುರುವಾಯಿತು, ಬಿಟ್ಟೆ. ಈ ಮಾತ್ರೆ ಸ್ನಾಯು ತಿನ್ನುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿತ್ತು. ಏನೂ ಆಗಿಲ್ಲ ಇದುವರೆಗೆ. ಇಷ್ಟೆಲ್ಲ ಹೆದರಿಸಬೇಡಿ ಮಕ್ಕಳನ್ನು.

ಲ್ಯಾಬ್ ಕೋಟು

ಮಾವ, ವಾಟ್ಸಾಪ್ ಮೊದಲು ಬಂತೋ, ಕಾಲು ನೋವು ಮೊದಲು ಬಂತೋ? ತಮಾಷೆಗೆ ಕೇಳುತ್ತಿಲ್ಲ. 2020ರಲ್ಲಿ ಲಂಡನ್ನಿನಲ್ಲಿ ಒಂದು ಅಧ್ಯಯನ ಮಾಡಿದರು. ತೊಂದರೆ ಆಗುತ್ತದೆ ಎಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನ. ಅವರಿಗೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಖಾಲಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ. ಸ್ಟ್ಯಾಟಿನ್ನಿನಲ್ಲಿ ಆದ ತೊಂದರೆಯ ಶೇ 90ರಷ್ಟು ಖಾಲಿ ಮಾತ್ರೆಯಲ್ಲೂ ಆಯಿತು! ನೋವು ಸುಳ್ಳಲ್ಲ, ನಿಜವೇ. ಆದರೆ ಬಹುಪಾಲು ಮಾತ್ರೆಯೊಳಗಿನ ವಸ್ತುವಿನಿಂದ ಅಲ್ಲ, ಮಾತ್ರೆ ತಿನ್ನುತ್ತಿದ್ದೇನೆ ಎನ್ನುವುದರಿಂದ. ನಿಜವಾದ ಸ್ನಾಯು ತೊಂದರೆ ಕೆಲವರಿಗೆ ಆಗುತ್ತದೆ, ಅದಕ್ಕೆ ಸಿಕೆ ಎನ್ನುವ ರಕ್ತ ಪರೀಕ್ಷೆ ಇದೆ. ಅಂಥವರಿಗೆ ಬೇರೆ ಸ್ಟ್ಯಾಟಿನ್, ಕಡಿಮೆ ಡೋಸ್, ಇಲ್ಲವೇ ಬೇರೆ ಮಾತ್ರೆ. ಹೇಳದೆ ಕೇಳದೆ ಬಿಡುವುದು ಮಾತ್ರ ಬೇಡ.

ಸ್ಟ್ಯಾಟಿನ್ ಮಾಡುವುದು ಏನು ಗೊತ್ತಾ? ಅಡುಗೆಮನೆಯೊಳಗೆ ಹೊಸ ತಟ್ಟೆಯ ಕಪಾಟು ಒಂದಿದೆ. ಲಿವರ್ ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ತಯಾರಿಸುತ್ತದೆ. ಸ್ಟ್ಯಾಟಿನ್ ಆ ಕಪಾಟಿಗೆ ಬೀಗ ಹಾಕುತ್ತದೆ. ಒಳಗೆ ತಟ್ಟೆ ಸಾಲದೆ ಹೋದಾಗ ಅಡುಗೆಯವನು ಕೂಗುತ್ತಾನೆ, ‘ಇನ್ನೂ ನಾಲ್ಕು ಹುಡುಗರನ್ನು ಹಾಲಿಗೆ ಕಳಿಸಿ!’ ಕೋಶ ರಿಸೆಪ್ಟರುಗಳನ್ನು ಹೆಚ್ಚಿಸುತ್ತದೆ. ಕಾಫಿಯವರಲ್ಲಿ ಒಂದು ಒಳ್ಳೆಯ ಪ್ರತಿ ಉಳಿದಿರುವುದರಿಂದ ಅದಕ್ಕೆ ಓವರ್‌ಟೈಮ್ ಕೆಲಸ. ಕುಂದಾ ಅವರ ಅಕ್ಕನ ಮಗನಲ್ಲಿ ಕಳಿಸಲು ಹುಡುಗರೇ ಇಲ್ಲ, ಅದಕ್ಕೇ ನಾಟುವುದಿಲ್ಲ.

ಈ ಬೀಗ ಸಿಕ್ಕಿದ್ದು ಬೂಷ್ಟಿನಿಂದ. ಜಪಾನಿನ ಅಕಿರಾ ಎಂಡೋ ಸುಮಾರು 6000 ಸೂಕ್ಷ್ಮಜೀವಿಗಳನ್ನು ಜಾಲಾಡಿ 1973ರಲ್ಲಿ ಹುಡುಕಿದರು. ನಾವು ಉಪ್ಪಿನಕಾಯಿಯ ಮೇಲಿನ ಬೂಷ್ಟು ಕಂಡರೆ ಭರಣಿ ಸಮೇತ ಎಸೆಯುತ್ತೇವೆ!

ಕಿಂಗ್ಸ್ ಸರ್ಕಲ್ ಕಾಫಿ

ನನಗೆ ಸ್ಟ್ಯಾಟಿನ್ ಜೊತೆ ಎಝೆಟಿಮೈಬ್ ಎನ್ನುವ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟಿದ್ದಾರೆ. ಸ್ಟ್ಯಾಟಿನ್ ಒಂದನ್ನೇ ದುಪ್ಪಟ್ಟು ಮಾಡಿದರೆ ಸಾಲದೇ ಎಂದು ಕೇಳಿದೆ. ಡೋಸ್ ದುಪ್ಪಟ್ಟು ಮಾಡಿದರೂ ಎಲ್‌ಡಿಎಲ್ ಇನ್ನೊಂದು ಶೇ 6ರಷ್ಟು ಮಾತ್ರ ಇಳಿಯುತ್ತದಂತೆ. ಇದಕ್ಕೂ ಬಗ್ಗದಿದ್ದರೆ ಆ ಪಿಸಿಎಸ್‌ಕೆ9 ಸೂಪರ್‌ವೈಸರನ್ನು ತಡೆಯುವ ಇಂಜೆಕ್ಷನ್. ಕೆಲವು ಎರಡು ವಾರಕ್ಕೊಮ್ಮೆ, ಇನ್‌ಕ್ಲಿಸಿರಾನ್ ಆದರೆ ಶುರುವಿನ ಎರಡು ಡೋಸ್ ಆದ ಮೇಲೆ ಆರು ತಿಂಗಳಿಗೊಮ್ಮೆ. ದುಡ್ಡು ನೆನೆದು ಮಾತ್ರೆಯೇ ನಾಟಲಿ ದೇವರೇ ಎಂದೆ.

ಜೀನ್ ಟೆಸ್ಟ್ ಮಾಡಿಸಬೇಕೇ ಎಂದೂ ಕೇಳಿದೆ. ಅವರು ನೆದರ್‌ಲ್ಯಾಂಡ್ಸ್‌ನವರ ಒಂದು ಅಂಕಪಟ್ಟಿ ತೆಗೆದರು. ಎಲ್‌ಡಿಎಲ್ 250ರಿಂದ 329ರ ಒಳಗೆ, 5 ಅಂಕ. ಹಿಮ್ಮಡಿ ಗಂಟಿಗೆ 6. ಅಪ್ಪನಿಗೆ 55ರ ಒಳಗೆ ಹೃದಯದ ಕಾಯಿಲೆ, 1. ಒಟ್ಟು 12. ಎಂಟು ದಾಟಿದರೆ ಎಫ್‌ಎಚ್ ಖಚಿತ. ಶಾಲೆಯಲ್ಲಿ ಇಷ್ಟು ಸುಲಭವಾಗಿ ಪಾಸಾದ ನೆನಪಿಲ್ಲ.

ಮಗಳ ವಿಷಯ ಇನ್ನೂ ಗುದ್ದಾಟ. ಅಮ್ಮ ಕೇಳುವುದು ಒಂದೇ ಪ್ರಶ್ನೆ, ‘ಇದೆ ಎಂದು ಗೊತ್ತಾದರೆ ಏನು ಮಾಡುತ್ತೀಯಾ, ಏಳು ವರ್ಷಕ್ಕೆ ಮಾತ್ರೆ ಕೊಡುತ್ತೀಯಾ?’ ನನ್ನ ಹತ್ತಿರ ಉತ್ತರ ಇಲ್ಲ.

ಲ್ಯಾಬ್ ಕೋಟು

ಉತ್ತರ ಇದೆ. ಸಾಮಾನ್ಯವಾಗಿ ಮಾತ್ರೆ ಶುರು ಮಾಡುವುದು 8ರಿಂದ 10 ವರ್ಷದ ಹೊತ್ತಿಗೆ. ಅದೂ ಮಕ್ಕಳ ಡಾಕ್ಟರು ನೋಡಿ. ನೆದರ್‌ಲ್ಯಾಂಡ್ಸ್‌ನಲ್ಲಿ ಎಫ್‌ಎಚ್ ಇದ್ದ 214 ಮಕ್ಕಳಿಗೆ ಸ್ಟ್ಯಾಟಿನ್ ಕೊಟ್ಟು 20 ವರ್ಷ ಹಿಂದೆ ಬಿದ್ದು ನೋಡಿದರು, 2019ರಲ್ಲಿ ಪ್ರಕಟವಾಯಿತು. ಆ ಮಕ್ಕಳು 39 ತಲುಪುವ ಹೊತ್ತಿಗೆ ಹೃದಯ, ರಕ್ತನಾಳದ ತೊಂದರೆ ಆದವರು ಶೇ 1. ಅದೇ ಕಾಯಿಲೆ ಇದ್ದ ಅವರ ಅಪ್ಪ ಅಮ್ಮಂದಿರಲ್ಲಿ, ಅದೇ ವಯಸ್ಸಿಗೆ, ಶೇ 26. ಅಪ್ಪ ಅಮ್ಮಂದಿರು ಬೆಳೆಯುವಾಗ ಸ್ಟ್ಯಾಟಿನ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಇದನ್ನು ಅಮ್ಮನಿಗೆ ಓದಿ ಹೇಳಿ. ನಿಮ್ಮ ಅಜ್ಜ, ದೊಡ್ಡಪ್ಪ ಯಾವ ಸಾಲಿನವರು ಎಂದು ಅವರಿಗೇ ಗೊತ್ತಾಗುತ್ತದೆ.

ಕಿಂಗ್ಸ್ ಸರ್ಕಲ್ ಕಾಫಿ

ಮೂರು ವಾರ ಆಯಿತು, ಸುದ್ದಿ ಹೇಳುತ್ತೇನೆ.

ಓದಿ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ಮಾರನೇ ದಿನ ತಾವೇ ಮೊಮ್ಮಗಳ ಕೈ ಹಿಡಿದು ಲ್ಯಾಬಿಗೆ ಬಂದರು. ಮಗಳ ಎಲ್‌ಡಿಎಲ್ 92. ಅವಳಿಗೆ ನನ್ನ ಒಳ್ಳೆಯ ಪ್ರತಿ ಹೋಗಿದೆ. ಅವತ್ತು ರಾತ್ರಿ ತುಪ್ಪ ಹಾಕಿದ ದೋಸೆ ತಿಂದೆ, ಒಂದೇ ಒಂದು, ಕೋಟು ಮೇಡಂ ಬಯ್ಯಬೇಡಿ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಠಾಣೆಯಲ್ಲಿರುವ ಅಕ್ಕ ಅವತ್ತು ಜೊತೆಗೆ ಬಂದಿದ್ದಳು, 42 ವರ್ಷ. ಡಾಕ್ಟರು ‘ನೀವೂ ಕೊಡಿ’ ಎಂದರು. ಅವಳು ನಕ್ಕಳು. ನಮ್ಮಲ್ಲಿ ಗಂಡಸರಿಗೆ ಮಾತ್ರ ಇದು ಬರುವುದು ಎಂದಳು. ಹಾಗೆಂದೇ ನಾವೆಲ್ಲ ನಂಬಿದ್ದು. ಅವಳ ಎಲ್‌ಡಿಎಲ್ 251.

ಲ್ಯಾಬ್ ಕೋಟು

ಇದನ್ನು ನಾನು ಮೊದಲೇ ಹೇಳಬೇಕಿತ್ತು, ತಪ್ಪು ನನ್ನದೇ. 19ನೇ ಕ್ರೋಮೋಸೋಮಿಗೆ ಗಂಡು ಹೆಣ್ಣು ಎನ್ನುವ ಲೆಕ್ಕ ಇಲ್ಲ. ಮಗನಿಗೂ ಮಗಳಿಗೂ ಸಮ ಪಾಲು, ಅರ್ಧ ಅರ್ಧ ಸಾಧ್ಯತೆ. ಹೆಂಗಸರಿಗೆ ಕಾಯಿಲೆ ಹೊರಗೆ ಕಾಣುವುದು ತಡ. ಔಷಧವಿಲ್ಲದೆ ಬಿಟ್ಟರೆ ಗಂಡಸರಲ್ಲಿ ಸುಮಾರು ಅರ್ಧ ಜನಕ್ಕೆ 50ರ ಒಳಗೆ ಹೃದಯದ ತೊಂದರೆ. ಹೆಂಗಸರಲ್ಲಿ ಸುಮಾರು ಶೇ 30 ಜನಕ್ಕೆ 60ರ ಒಳಗೆ. ಹತ್ತು ವರ್ಷ ತಡವಾಗಿ ಬಂದಾಗ ‘ವಯಸ್ಸಾಯಿತು, ಶುಗರ್ ಇತ್ತು’ ಎಂದು ಬೇರೆ ಕಾರಣ ಸಿಕ್ಕಿಬಿಡುತ್ತದೆ. ನಿಮ್ಮ ಅಜ್ಜನ ಅಕ್ಕತಂಗಿಯರು ಹೇಗೆ ಹೋದರು ಎಂದು ಒಂದು ಸಲ ಅಮ್ಮನನ್ನು ಕೇಳಿ ನೋಡಿ.

ಕಿಂಗ್ಸ್ ಸರ್ಕಲ್ ಕಾಫಿ

ಕೇಳಿದೆ. ಒಬ್ಬರು 61ಕ್ಕೆ, ‘ಗ್ಯಾಸ್’ ಆಗಿ. ಇನ್ನೊಬ್ಬರು 57ಕ್ಕೆ, ತೆಂಗಿನ ತೋಟದಲ್ಲಿ ‘ಬಿಸಿಲು ಬಡಿದು’.

ಅಕ್ಕನಿಗೆ ಇಬ್ಬರು ಗಂಡು ಮಕ್ಕಳು, 15 ಮತ್ತು 11. ದೊಡ್ಡವನ ಹತ್ತನೇ ಕ್ಲಾಸ್ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತಾಳೆ. ನಾನು ಒಪ್ಪಲಿಲ್ಲ. ಈ ಭಾನುವಾರ ಬೆಳಿಗ್ಗೆ ಠಾಣೆಗೆ ಹೋಗುತ್ತಿದ್ದೇನೆ, ರಕ್ತ ತೆಗೆಯುವ ಹುಡುಗನನ್ನು ಮನೆಗೇ ಕರೆಸಿದ್ದೇನೆ. ಊರಿನಲ್ಲಿರುವ ದೊಡ್ಡಪ್ಪನ ಮಕ್ಕಳಿಗೂ ಫೋನ್ ಮಾಡಿದೆ. ಒಬ್ಬ ಒಪ್ಪಿದ. ಇನ್ನೊಬ್ಬ ‘ಬನಕ್ಕೆ ಬೇಲಿ ಹಾಕಿಸಿದ್ದೇವಲ್ಲ’ ಎಂದ.

ಡೊಂಬಿವಲಿ ಫಾಸ್ಟ್

ಬೇಲಿಯೂ ಇರಲಿ, ಮಾತ್ರೆಯೂ ಇರಲಿ ಎಂದು ಹೇಳಿ ಅವರಿಗೆ. ನಾನೂ ಮೊನ್ನೆ ಟೆಸ್ಟ್ ಮಾಡಿಸಿದೆ, ಎಲ್‌ಡಿಎಲ್ 118. ಅಜ್ಜಿಯ ಸೋಮಾರಿ ಸೂಪರ್‌ವೈಸರ್ ನನ್ನ ತನಕ ಬಂದಿಲ್ಲ ಅಂತ ಕಾಣುತ್ತೆ. ಬೇಜಾರಾಯಿತು.

ಕುಂದಾ ಪ್ರೇಮಿ, ಪುಣೆ

ಅಕ್ಕನ ಎರಡನೇ ಮಗುವಿನ ರಿಪೋರ್ಟ್ ಬಂತು, ಎಲ್‌ಡಿಎಲ್ 208. ಒಂದೇ ಪ್ರತಿ ಕೆಟ್ಟಿರಬಹುದು ಎಂದರು. ನಮ್ಮ ಮನೆಯಲ್ಲಿ ಇದು ಸಿಹಿ ಸುದ್ದಿ ಎಂದರೆ ನಂಬುತ್ತೀರಾ?

ವಾಸ್ಕೋ ಮಾವ

ಇವತ್ತು ಸ್ನಾನ ಆದ ಮೇಲೆ ಹಿಮ್ಮಡಿ ಹಿಂಡಿ ನೋಡಿಕೊಂಡೆ. ಎಡಗಾಲಿನದು ದಪ್ಪ ಇದೆ, ಬಲಗಾಲಿನದು ಅಷ್ಟಿಲ್ಲ. ಒಂದೇ ಕಾಲಿನಲ್ಲಿ ಇದ್ದರೂ ಲೆಕ್ಕವೇ? ಮಗಳು ಮಡಗಾಂವಿನಲ್ಲಿ ಇದ್ದಾಳೆ, ಅವಳಿಗೆ ಇನ್ನೂ ಏನೂ ಹೇಳಿಲ್ಲ.